ಆ ಅಜ್ಜ ನಾಲ್ಕನೇ ಪುಟದಲ್ಲಿ ಯಾಕಿದ್ದಾರೆ?

ನಮಸ್ಕಾರ ಮೇಡಂ,

ಮೆಲ್ಬರ್ನ್‌ನಿಂದ ನೀವು ಕಳಿಸಿದ ಲೇಖನ ಓದಿದೆ. ಬ್ರಿಟನ್ನಿನ ರಾಜನನ್ನೇ ಇವತ್ತಿಗೂ ತನ್ನ ರಾಜ ಅನ್ನುವ ಆಸ್ಟ್ರೇಲಿಯಾ ಯಾಕೆ ಇನ್ನೂ ಗಣರಾಜ್ಯ ಆಗಿಲ್ಲ ಅನ್ನುವ ವಿಷಯ ಚೆನ್ನಾಗಿದೆ. ಭಾಷೆ ಸರಾಗವಾಗಿದೆ. ಐದು ಡಾಲರ್ ನೋಟಿನಲ್ಲಿ ತೀರಿಹೋದ ರಾಣಿ ಎಲಿಜಬೆತ್ ಇನ್ನೂ ಇದ್ದಾಳೆ, ಮುಂದೆ ಬರುವ ನೋಟಿನಲ್ಲಿ ಅವಳ ಮಗ, ಈಗಿನ ರಾಜ ಚಾರ್ಲ್ಸ್‌ಗೆ ಜಾಗವಿಲ್ಲ ಎಂಬ ಪ್ಯಾರಾ ಇಷ್ಟವಾಯಿತು. ಹೊಗಳುವುದು ಇಷ್ಟೇ. ನನ್ನ ನಿದ್ದೆ ಕೆಡಿಸಿದ ಎರಡು ಸಾಲುಗಳಿವೆ, ಅವನ್ನು ಹಿಡಿದು ಕೂರುತ್ತೇನೆ.

ಎರಡನೇ ಪುಟದಲ್ಲಿ ಬರೆದಿದ್ದೀರಿ: ‘1999ರ ನವೆಂಬರ್ 6ರಂದು ಆಸ್ಟ್ರೇಲಿಯಾದ ಪ್ರಜೆಗಳು ರಾಣಿಯ ಮೇಲಿನ ಅಪಾರ ಪ್ರೀತಿಯಿಂದ ಗಣರಾಜ್ಯವನ್ನು ತಿರಸ್ಕರಿಸಿದರು.’

‘ಅಪಾರ ಪ್ರೀತಿ’ ಎಲ್ಲಿಂದ ಬಂತು? ಆವತ್ತಿನ ಜನಮತಗಣನೆಯಲ್ಲಿ ಗಣರಾಜ್ಯ ಬೇಡ ಅಂದವರು ಸುಮಾರು ಶೇ 55, ಬೇಕು ಅಂದವರು ಶೇ 45. ನೀವಿರುವ ವಿಕ್ಟೋರಿಯಾ ರಾಜ್ಯದಲ್ಲಂತೂ ಬೇಕು ಅಂದವರು ಶೇ 49.8ಕ್ಕೆ ಬಂದು ನಿಂತುಬಿಟ್ಟರು. ಇದಕ್ಕೆ ಅಪಾರ ಅನ್ನುತ್ತಾರಾ? ಅದು ಹೋಗಲಿ, ಮತಪತ್ರದಲ್ಲಿ ಏನು ಕೇಳಿದ್ದರು ಅಂತ ಒಮ್ಮೆ ನೋಡಿ. ರಾಣಿ ಬೇಕಾ ಬೇಡವಾ ಅಂತ ಕೇಳಿರಲಿಲ್ಲ. ರಾಣಿ ಮತ್ತು ಅಲ್ಲಿ ಅವಳ ಪ್ರತಿನಿಧಿಯಾದ ಗವರ್ನರ್ ಜನರಲ್ ಜಾಗಕ್ಕೆ, ಸಂಸತ್ತಿನ ಮೂರನೇ ಎರಡರಷ್ಟು ಸದಸ್ಯರು ಒಪ್ಪಿ ನೇಮಿಸುವ ಒಬ್ಬ ಅಧ್ಯಕ್ಷರನ್ನು ತರುತ್ತೇವೆ, ಒಪ್ಪಿಗೆಯಾ ಅಂತ ಕೇಳಿದ್ದರು. ಜಗಳವೆಲ್ಲ ಆ ‘ಸಂಸತ್ತಿನ’ ಅನ್ನುವ ಪದದಲ್ಲಿತ್ತು. ಅಧ್ಯಕ್ಷರನ್ನು ನಾವೇ ಓಟು ಹಾಕಿ ಆರಿಸಬೇಕು ಅಂತ ಹಟ ಹಿಡಿದ ಗಣರಾಜ್ಯವಾದಿಗಳು ಹೋಗಿ ‘ನೋ’ ಅಂತ ಬರೆದು ಬಂದರು. ಅಲ್ಲಿ ಮುದ್ರೆ ಒತ್ತುವುದಿಲ್ಲ, ಚೌಕದೊಳಗೆ ಕೈಯಾರೆ ಯೆಸ್ ಅಥವಾ ನೋ ಬರೆಯಬೇಕು. ರಾಣಿಯ ಕಡೆಯವರು ಜಾಣರು, ರಾಣಿಯ ಮಾತೇ ಜಾಸ್ತಿ ಎತ್ತದೆ ‘ರಾಜಕಾರಣಿಗಳ ಗಣರಾಜ್ಯ ಬೇಡ’ ಅಂತ ಕೂಗಿದರು. ರಾಣಿ ಬೇಕು ಅನ್ನುವವರ ಓಟೂ ಅವಳು ಬೇಡ ಅನ್ನುವವರ ಓಟೂ ಒಂದೇ ಡಬ್ಬಿಗೆ ಬಿದ್ದವು!

ನಿಮಗೆ ಇದು ಯಾಕೆ ಹೊಳೆಯಲಿಲ್ಲ ಅಂತ ಯೋಚಿಸಿದೆ. ನಮ್ಮ ರಾಷ್ಟ್ರಪತಿಯನ್ನು ನಾವು ನೀವು ಆರಿಸುತ್ತೇವಾ? ಎಂಪಿಗಳು, ಎಮ್ಮೆಲ್ಲೆಗಳು ಆರಿಸುತ್ತಾರೆ. ಅದರಲ್ಲೇನು ವಿಶೇಷ ಅಂತ ನಮಗೆ ಅನ್ನಿಸುವುದೇ ಇಲ್ಲ. ಅಲ್ಲಿಯವರಿಗೆ ಗಂಟಲಲ್ಲಿ ಸಿಕ್ಕಿಕೊಂಡಿದ್ದೇ ಆ ಮುಳ್ಳು. ಕನ್ನಡ ಓದುಗರಿಗೆ ಹೇಳಬೇಕಾದದ್ದು ಇದು, ಅಲ್ವಾ?

ನಿಮ್ಮ ಮೇಲೆ ಇಷ್ಟು ಸಿಟ್ಟು ಬರಲು ಕಾರಣ ನಾನೇ. ಆ ಶನಿವಾರ ನಾನು ಒಂದು ಪತ್ರಿಕೆಯ ಡೆಸ್ಕಿನಲ್ಲಿ ಟ್ರೈನಿ. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಇದೇ ಓಟಿನ ಬಗ್ಗೆ ಸುದ್ದಿ ಸಂಸ್ಥೆ ಕಳಿಸಿದ ಇಂಗ್ಲಿಷ್ ಕಾಪಿ ನನ್ನ ಕೈಗೆ ಬಂತು. ಅನುವಾದ ಮಾಡಿ, ಮೇಲೆ ‘ರಾಣಿಗೇ ಜೈ ಎಂದ ಆಸ್ಟ್ರೇಲಿಯಾ’ ಅಂತ ಎರಡು ಕಾಲಂ ಹೆಡ್ಡಿಂಗ್ ಕೊಟ್ಟು, ಹೆಮ್ಮೆಯಿಂದ ಚೀಫ್ ಸಬ್ ಎಡಿಟರ್ ಮುಂದೆ ಇಟ್ಟೆ. ಅವರು ಬೈಯಲಿಲ್ಲ. ಟೀ ಕುಡಿಯುತ್ತಲೇ, ‘ಈ ಕಾಪಿಯಲ್ಲಿ ರಾಣಿ ಎಷ್ಟು ಸಲ ಬಂದಿದ್ದಾಳೆ, ಎಣಿಸು’ ಅಂದರು. ಎಣಿಸಿದೆ. ಎರಡು ಸಲ. ‘ಅಧ್ಯಕ್ಷ?’ ಹದಿನೊಂದು. ಕೆಂಪು ಪೆನ್ನನ್ನು ನನ್ನ ಕೈಗೇ ಕೊಟ್ಟು ಆಚೆ ತಿರುಗಿ ಕುಳಿತರು. ನನ್ನ ಹೆಡ್ಡಿಂಗ್ ನಾನೇ ಹೊಡೆದುಹಾಕಿದೆ. ಆ ಗೆರೆ ಎಳೆದ ಶಬ್ದ ನಿಮ್ಮ ಎರಡನೇ ಪುಟ ಓದುವಾಗ ಮತ್ತೆ ಕೇಳಿಸಿತು.

ಇನ್ನೊಂದು ಸಾಲು: ‘ದೊರೆಗೆ ನಿಷ್ಠೆಯ ಪ್ರಮಾಣ ಮಾಡಿ ಪೌರತ್ವ ಪಡೆದಾಗ ದಾಸ್ಯದ ಸಂಕೋಲೆ ನೆನಪಾಯಿತು.’

ಯಾವ ದೊರೆ? ನೀವು ಪೌರತ್ವ ಪಡೆದದ್ದು ಹೋದ ವರ್ಷ ಅಂತ ನೀವೇ ಬರೆದಿದ್ದೀರಿ. ಹೊಸ ಪ್ರಜೆಗಳ ಪ್ರಮಾಣದಿಂದ ರಾಣಿಯ ಹೆಸರನ್ನು 1994ರಲ್ಲೇ ತೆಗೆದುಹಾಕಿದ್ದಾರೆ. ಈಗ ಅಲ್ಲಿ ಹೇಳಿಸುವುದು ಆಸ್ಟ್ರೇಲಿಯಾಕ್ಕೂ ಅದರ ಜನರಿಗೂ ನಿಷ್ಠೆ ಅಂತ. ದೇವರ ಹೆಸರು ಬೇಕಾದವರು ಸೇರಿಸಿ ಹೇಳಬಹುದು, ಬೇಡದವರು ಬಿಡಬಹುದು. ಕೌನ್ಸಿಲ್ ಹಾಲಿನಲ್ಲಿ ನಿಂತು ನಿಮ್ಮ ಬಾಯಿಂದಲೇ ಹೇಳಿದ ಮಾತು ಮೇಡಂ ಅದು! ಬರೆಯಲು ಕೂತಾಗ ನಿಜವಾಗಿ ನಡೆದದ್ದು ಸಪ್ಪೆ ಅನ್ನಿಸಿ, ಸುಮ್ನೆ ಒಬ್ಬ ದೊರೆಯನ್ನು ತಂದು ನಿಲ್ಲಿಸಿ, ಅವನ ಕೈಗೊಂದು ಸಂಕೋಲೆ ಕೊಟ್ಟಿದ್ದೀರಿ. ನಡೆದದ್ದೇ ಎಷ್ಟು ಚೆನ್ನಾಗಿದೆ ನೋಡಿ. ಬೆಂಗಳೂರಿನಿಂದ ಹೋದ ನೀವು ರಾಜನ ಹೆಸರೆತ್ತದೆ ಪ್ರಜೆಯಾಗಬಹುದು, ಅಲ್ಲೇ ಹುಟ್ಟಿ ಬೆಳೆದು ರಾಜಧಾನಿ ಕ್ಯಾನ್‌ಬೆರಾದ ಸಂಸತ್ತಿಗೆ ಗೆದ್ದು ಹೋದ ಎಂಪಿ ಮಾತ್ರ ಇವತ್ತಿಗೂ ರಾಜನಿಗೆ ನಿಷ್ಠೆ ಅಂತ ಹೇಳಿಯೇ ಸೀಟಿನಲ್ಲಿ ಕೂರಬೇಕು. ಇದನ್ನು ಬಿಟ್ಟು ಸಂಕೋಲೆ ಯಾಕೆ?

1947ರ ಆಗಸ್ಟ್ 15ಕ್ಕೆ ನಾವು ರಾಜನನ್ನು ಕಳಚಿಕೊಂಡೆವು ಅಂತಲೂ ಇದೆ. 1950ರ ಜನವರಿ 26ರವರೆಗೆ ಆರನೇ ಜಾರ್ಜ್ ನಮಗೂ ರಾಜನೇ. ತಿದ್ದಿಕೊಳ್ಳಿ. ಉಳಿದ ಪುಟಗಳ ತಂಟೆಗೆ ಹೋಗುವುದಿಲ್ಲ.

ಆದರೆ ನಾಲ್ಕನೇ ಪುಟದಲ್ಲಿ, ಬ್ರಾಕೆಟ್ ಒಳಗೆ, ನಿಮ್ಮ ಪಕ್ಕದ ಮನೆಯ ಅಜ್ಜ ಒಬ್ಬರು ಬಂದು ಹೋಗುತ್ತಾರೆ. ‘ನನಗೆ ರಾಣಿ ಯಾವತ್ತೂ ಬೇಕಿರಲಿಲ್ಲ, ಆದರೂ ಆವತ್ತು ನೋ ಬರೆದೆ’ ಅಂತ ಬೇಲಿಯ ಆಚೆಯಿಂದ ಹೇಳುತ್ತಾರೆ. ನೀವು ‘ವಿಚಿತ್ರ ಮನುಷ್ಯ’ ಅಂತ ಬರೆದು ಮುಂದೆ ಹೋಗಿದ್ದೀರಿ. ನಿಮ್ಮ ಲೇಖನ ಅಲ್ಲಿ ಬೇಲಿ ಹಿಡಿದು ನಿಂತಿತ್ತು, ನೀವು ಮಾತಾಡಿಸಲಿಲ್ಲ. ಹೋಗಿ ಅವರನ್ನು ಕೂರಿಸಿ ಕೇಳಿ: ಚೌಕದ ಮುಂದೆ ಎಷ್ಟು ಹೊತ್ತು ನಿಂತಿದ್ದರು, ಮನೆಯಲ್ಲಿ ಹೆಂಡತಿ ಏನು ಬರೆದಿದ್ದರು, ಈಗ ಮತ್ತೆ ಕೇಳಿದರೆ ಏನು ಬರೆಯುತ್ತಾರೆ. ಬರೆದು ಕಳಿಸಿ. ನೋಟಿನ ಪ್ಯಾರಾ ಮುಟ್ಟಬೇಡಿ. ಹೆಡ್ಡಿಂಗ್ ನೀವೇ ಕೊಡಿ, ನನ್ನನ್ನು ನಂಬಬೇಡಿ.