ಓದುಗರ ಪ್ರಶ್ನೆ, ವೈದ್ಯರ ಉತ್ತರ: ನೆತ್ತಿಯ ನವೆ ಮತ್ತು ಔಷಧಿಯ ಶ್ಯಾಂಪೂ

ಚಳಿಗಾಲದಲ್ಲಿ ನಮ್ಮ ಅಂಕಣಕ್ಕೆ ಬರುವ ಪತ್ರಗಳಲ್ಲಿ ತಲೆಹೊಟ್ಟು, ನೆತ್ತಿಯ ಉರಿ, ತುರಿಕೆಯದ್ದೇ ದೊಡ್ಡ ಪಾಲು. ಅವುಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಂಡು, ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ನನಗೆ 27 ವರ್ಷ. ಎರಡು ವರ್ಷಗಳಿಂದ ತಲೆಯಲ್ಲಿ ಹೊಟ್ಟು ಮತ್ತು ವಿಪರೀತ ನವೆ. ಹುಬ್ಬು, ಮೂಗಿನ ಪಕ್ಕ, ಕಿವಿಯ ಹಿಂದೆ ಕೆಂಪಾಗಿ ಹಳದಿ ಬಣ್ಣದ ಜಿಡ್ಡು ಹೊಟ್ಟು ಏಳುತ್ತದೆ. ಕೀಟೋಕೊನಜೋಲ್ ಶ್ಯಾಂಪೂ ಹಚ್ಚಿದರೆ ಒಂದು ವಾರ ಚೆನ್ನಾಗಿರುತ್ತದೆ, ಬಿಟ್ಟರೆ ಮತ್ತೆ ಮೊದಲಿನಂತೆಯೇ. ಇದುವರೆಗೆ ನಾಲ್ಕು ಬಗೆಯ ಶ್ಯಾಂಪೂ ಬದಲಿಸಿದ್ದೇನೆ. ಅಜ್ಜಿಯ ಮಾತಿನಂತೆ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿದರೆ ಹೊಟ್ಟು ಕಾಣುವುದಿಲ್ಲ, ಆದರೆ ನವೆ ಹೆಚ್ಚುತ್ತದೆ. ಕೂದಲೂ ಉದುರುತ್ತಿದೆ. ಇದಕ್ಕೆ ಶಾಶ್ವತ ಪರಿಹಾರವಿಲ್ಲವೇ?
— ದಾವಣಗೆರೆಯ ಓದುಗ

ಉತ್ತರ: ನೀವು ವಿವರಿಸಿರುವ ಜಾಗಗಳೇ ಕಾಯಿಲೆಯ ಹೆಸರನ್ನು ಬಹುಮಟ್ಟಿಗೆ ಹೇಳಿಬಿಡುತ್ತವೆ. ನೆತ್ತಿ, ಹುಬ್ಬು, ಮೂಗಿನ ಪಕ್ಕದ ಮಡಿಕೆ, ಕಿವಿಯ ಹಿಂಭಾಗ, ಕೆಲವರಿಗೆ ಎದೆಯ ನಡುಭಾಗ, ಹೀಗೆ ಚರ್ಮದಲ್ಲಿ ಜಿಡ್ಡು ಹೆಚ್ಚು ಸ್ರವಿಸುವ ಜಾಗಗಳಲ್ಲೇ ಕೆಂಪು ಮತ್ತು ಹೊಟ್ಟು ಕಾಣಿಸಿಕೊಂಡರೆ ಅದು ಸಾಮಾನ್ಯವಾಗಿ ಸೆಬೊರಿಕ್ ಡರ್ಮಟೈಟಿಸ್. ನಾವು ಮಾಮೂಲಿ ತಲೆಹೊಟ್ಟು ಎನ್ನುವುದು ಇದೇ ಕಾಯಿಲೆಯ ಸೌಮ್ಯ ರೂಪ, ಉರಿಯೂತ ಸೇರಿಕೊಂಡಾಗ ನಿಮ್ಮ ಸ್ಥಿತಿಯಾಗುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ, ಕೊಳಕಿನಿಂದ ಬರುವುದೂ ಅಲ್ಲ.

ಎಲ್ಲರ ನೆತ್ತಿಯಲ್ಲೂ ಮಲಸೇಜಿಯಾ ಎಂಬ ಶಿಲೀಂಧ್ರ ವಾಸಿಸುತ್ತದೆ. 1874ರಲ್ಲಿ ಇದನ್ನು ಹೊಟ್ಟಿನಲ್ಲಿ ಗುರುತಿಸಿ ವಿವರಿಸಿದ ಫ್ರೆಂಚ್ ವಿಜ್ಞಾನಿ ಮಲಸೆಯ ಹೆಸರೇ ಅದಕ್ಕೆ ಉಳಿದಿದೆ. ತನಗೆ ಬೇಕಾದ ಕೊಬ್ಬಿನಾಮ್ಲವನ್ನು ತಾನೇ ತಯಾರಿಸಿಕೊಳ್ಳಲಾರದ ಈ ಜೀವಿ ನಮ್ಮ ಚರ್ಮದ ಜಿಡ್ಡನ್ನು ಒಡೆದು, ಅದರಲ್ಲಿ ತನಗೆ ಬೇಕಾದುದನ್ನು ತಿಂದು, ಒಲಿಯಿಕ್ ಆಮ್ಲದಂಥ ಉಳಿಕೆಯನ್ನು ನೆತ್ತಿಯ ಮೇಲೆ ಬಿಡುತ್ತದೆ. ಕೆಲವರ ಚರ್ಮ ಇದನ್ನು ಸಹಿಸುತ್ತದೆ, ಕೆಲವರ ಚರ್ಮ ಕೆರಳುತ್ತದೆ. ಕೆರಳಿದ ಚರ್ಮದ ಕೋಶಗಳು ಪೂರ್ತಿ ಬಲಿಯುವ ಮೊದಲೇ ಮೇಲಕ್ಕೆ ಬಂದು, ಒಂದಕ್ಕೊಂದು ಅಂಟಿಕೊಂಡೇ ಚಕ್ಕೆಯಾಗಿ ಉದುರುತ್ತವೆ. ಶಿಲೀಂಧ್ರವನ್ನು ನೆತ್ತಿಯಿಂದ ಪೂರ್ತಿಯಾಗಿ ಹೊರಹಾಕಲು ಆಗದಿರುವುದರಿಂದ ‘ಶಾಶ್ವತ ಪರಿಹಾರ’ ಎಂಬ ಮಾತನ್ನು ನಾನು ನಿಮಗೆ ಕೊಡಲಾರೆ. ರಕ್ತದೊತ್ತಡದಂತೆ ಇದನ್ನೂ ಹತೋಟಿಯಲ್ಲಿ ಇಟ್ಟುಕೊಳ್ಳಬೇಕು, ಮತ್ತು ಹತೋಟಿಯಲ್ಲಿಡುವುದು ಖಂಡಿತ ಸಾಧ್ಯ.

ನಿಮ್ಮ ಶ್ಯಾಂಪೂ ಸರಿಯಾಗಿಯೇ ಇದೆ. ಅದನ್ನು ಬಳಸಿದ ಬಗೆಯನ್ನು ನೀವು ಬರೆದಿಲ್ಲವಾದರೂ ಊಹಿಸಬಲ್ಲೆ, ಏಕೆಂದರೆ ನನ್ನ ಮುಂದೆ ಕೂರುವವರಲ್ಲಿ ಹೆಚ್ಚಿನವರು ಹಚ್ಚಿ, ನೊರೆ ಬರಿಸಿ, ಅರ್ಧ ನಿಮಿಷದಲ್ಲಿ ತಂಬಿಗೆ ನೀರು ಸುರಿದುಕೊಂಡಿರುತ್ತಾರೆ. ಮಾಮೂಲಿ ಶ್ಯಾಂಪೂವಿಗೆ ಅಷ್ಟು ಸಾಕು, ಔಷಧಕ್ಕೆ ಸಾಲದು. ಮೊದಲು ಸಾಧಾರಣ ಶ್ಯಾಂಪೂವಿನಿಂದ ಎಣ್ಣೆ ಮತ್ತು ಧೂಳನ್ನು ತೊಳೆದುಕೊಳ್ಳಿ. ಆಮೇಲೆ ಒದ್ದೆ ತಲೆಯ ಬೈತಲೆಯನ್ನು ಅಲ್ಲಲ್ಲಿ ತೆಗೆದು, ಎರಡು ಚಮಚದಷ್ಟು ಶೇ. 2ರ ಕೀಟೋಕೊನಜೋಲ್ ಶ್ಯಾಂಪೂವನ್ನು ಕೂದಲಿಗಲ್ಲ, ನೆತ್ತಿಯ ಚರ್ಮಕ್ಕೆ ತಾಗುವಂತೆ ಬೆರಳ ತುದಿಯಿಂದ ಹಚ್ಚಿ. ಉಗುರು ಬೇಡ. ಹುಬ್ಬಿಗೂ ಕಿವಿಯ ಹಿಂದಕ್ಕೂ ಅದೇ ನೊರೆ ಸಾಕು, ಕಣ್ಣಿಗೆ ಹೋಗದಂತೆ ನೋಡಿಕೊಳ್ಳಿ. ಗಡಿಯಾರ ನೋಡಿ 5 ನಿಮಿಷ ಕಾದು ತೊಳೆಯಿರಿ. ಕಾಯುವ ಹೊತ್ತಿನಲ್ಲಿ ಉಳಿದ ಸ್ನಾನ ಮುಗಿಸಬಹುದು. ವಾರಕ್ಕೆ ಎರಡು ಸಲದಂತೆ 4 ವಾರ ಹೀಗೆ ಮಾಡಿ. ಅನಂತರ, ಇದನ್ನೇ ಎಲ್ಲರೂ ಬಿಟ್ಟುಬಿಡುವುದು, ನವೆ ಪೂರ್ತಿ ನಿಂತಿದ್ದರೂ ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ ಮುಂದುವರಿಸಿ. ಮಾತ್ರೆಯ ರೂಪದ ಕೀಟೋಕೊನಜೋಲ್ ಯಕೃತ್ತಿಗೆ ಹಾನಿ ಮಾಡಬಲ್ಲದು ಎಂದು ಓದಿ ಶ್ಯಾಂಪೂವಿಗೂ ಹೆದರುವವರಿದ್ದಾರೆ. ತೊಳೆದುಬಿಡುವ ಶ್ಯಾಂಪೂವಿನಿಂದ ಔಷಧ ರಕ್ತಕ್ಕೆ ಸೇರುವುದು ಇಲ್ಲವೆನ್ನುವಷ್ಟು ಕಡಿಮೆ.

4 ವಾರ ಸರಿಯಾಗಿ ಬಳಸಿಯೂ ಗುಣ ಕಾಣದಿದ್ದರೆ ಆಗ ಬದಲಿಸಬಹುದು. ಸೆಲೆನಿಯಂ ಸಲ್ಫೈಡ್, ಜಿಂಕ್ ಪೈರಿಥಿಯೋನ್, ಸೈಕ್ಲೊಪಿರಾಕ್ಸ್ ಇವೆಲ್ಲ ಇದೇ ಶಿಲೀಂಧ್ರವನ್ನು ಬೇರೆ ದಾರಿಯಲ್ಲಿ ತಗ್ಗಿಸುತ್ತವೆ. ಬಾಟಲಿಯ ಮುಂಭಾಗದ ದೊಡ್ಡ ಹೆಸರು ಬೇರೆಬೇರೆಯಾಗಿದ್ದರೂ ಹಿಂಭಾಗದ ಸಣ್ಣಕ್ಷರದಲ್ಲಿ ಒಂದೇ ಔಷಧವಿರಬಹುದು. ನಿಮ್ಮ ನಾಲ್ಕು ಬಾಟಲಿಗಳಲ್ಲಿ ಎಷ್ಟು ನಿಜವಾಗಿ ಬೇರೆಯವು ಎಂಬುದನ್ನು ಒಮ್ಮೆ ಓದಿ ನೋಡಿ. ಸೆಲೆನಿಯಂ ಸಲ್ಫೈಡ್ ಬಳಸುವವರು ಬೆಳ್ಳಿ ಒಡವೆ ತೆಗೆದಿಡಬೇಕು. ಬಣ್ಣ ಹಚ್ಚಿದ ಕೂದಲಿನ ಬಣ್ಣವೂ ಅದರಿಂದ ಬದಲಾಗಬಹುದು.

ಇನ್ನು ಅಜ್ಜಿಯ ಎಣ್ಣೆ. ಅಜ್ಜಿಯರೊಡನೆ ಜಗಳಕ್ಕಿಳಿಯುವ ಧೈರ್ಯ ನನಗಿಲ್ಲ, ಆದರೂ ಹೇಳಲೇಬೇಕಾದದ್ದು ಇಷ್ಟು: ಎಣ್ಣೆ ಹಚ್ಚಿದಾಗ ಚಕ್ಕೆಗಳು ನೆತ್ತಿಗೆ ಅಂಟಿಕೊಳ್ಳುವುದರಿಂದ ಹೊಟ್ಟು ಕಾಣುವುದಿಲ್ಲ, ಹೋಗಿರುವುದಿಲ್ಲ. ಕೊಬ್ಬರಿ ಎಣ್ಣೆಯ ಅರ್ಧದಷ್ಟು ಭಾಗ ಲಾರಿಕ್ ಆಮ್ಲ. ಅದನ್ನು ಉಣ್ಣಬಲ್ಲ ಶಿಲೀಂಧ್ರಕ್ಕೆ ರಾತ್ರಿಯಿಡೀ ಊಟ ಬಡಿಸಿ ಮಲಗಿದಂತಾಗುತ್ತದೆ. ನಿಮ್ಮ ನವೆ ಆಗ ಹೆಚ್ಚುವುದು ಅದಕ್ಕೇ. ಹಬ್ಬದ ಎಣ್ಣೆಸ್ನಾನ ಬಿಡಬೇಕಾಗಿಲ್ಲ, ಆದರೆ ಹಚ್ಚಿದ ಅರ್ಧ ಗಂಟೆಯೊಳಗೆ ತೊಳೆದುಬಿಡಿ. ಉರಿಯುವ ನೆತ್ತಿಗೆ ನಿಂಬೆರಸ ಮಾತ್ರ ಯಾರು ಹೇಳಿದರೂ ಬೇಡ. ಕೂದಲು ಉದುರುವುದರ ಬಗ್ಗೆ ತೀರಾ ಚಿಂತಿಸಬೇಡಿ, ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತದೆ. ಉರಿಯೂತದಿಂದ ಹೆಚ್ಚಾಗಿದ್ದರೆ ಅದು ಇಳಿದ ಮೇಲೆ ಕಡಿಮೆಯಾಗುತ್ತದೆ.

ಪ್ರಶ್ನೆ: ನಮ್ಮೂರಿನದು ಕೊಳವೆಬಾವಿಯ ಗಡಸು ನೀರು. ತಲೆಗೆ ಮೈಸೋಪನ್ನೇ ಹಚ್ಚುವುದು ರೂಢಿ. ಕೂದಲಲ್ಲಿ ಬಿಳಿ ಪುಡಿ ನಿಲ್ಲುತ್ತದೆ, ನವೆ ಅಷ್ಟಾಗಿ ಇಲ್ಲ. ಔಷಧಿಯ ಶ್ಯಾಂಪೂ ಬೇಕೇ?
— ಕೋಲಾರದ ಓದುಗಿ

ಉತ್ತರ: ಬಹುಶಃ ಬೇಡ. ಗಡಸು ನೀರಿನ ಸುಣ್ಣದ ಅಂಶ ಸೋಪಿನೊಡನೆ ಸೇರಿದಾಗ ಕರಗದ ಬಿಳಿ ಗಸಿ ಹುಟ್ಟುತ್ತದೆ, ಬಕೆಟ್ಟಿನ ಒಳಮೈಗೆ ಅಂಟುವುದೂ ಅದೇ. ಅದು ಕೂದಲ ಮೇಲೆ ಕೂತರೆ ಹೊಟ್ಟಿನಂತೆಯೇ ಕಾಣುತ್ತದೆ. ತಲೆಗೆ ಸೋಪು ನಿಲ್ಲಿಸಿ, ಸಾಧಾರಣ ಶ್ಯಾಂಪೂ ಬಳಸಿ, ಕೊನೆಯ ಎರಡು ತಂಬಿಗೆಯಾದರೂ ಮಳೆನೀರು ಅಥವಾ ಶುದ್ಧೀಕರಿಸಿದ ನೀರು ಹಾಕಿಕೊಂಡು 15 ದಿನ ನೋಡಿ. ಪುಡಿ ಕಾಣಿಸಿಕೊಳ್ಳುವುದು ನಿಂತುಹೋದರೆ ಕಾಯಿಲೆ ಇರಲೇ ಇಲ್ಲ ಎಂದರ್ಥ.

ಪ್ರಶ್ನೆ: ನಾನು 61 ವರ್ಷದ ನಿವೃತ್ತ ಶಿಕ್ಷಕ. ತಲೆಯ ಹಿಂಭಾಗದಲ್ಲಿ ದಪ್ಪ ಬಿಳಿ ಪದರ ಕಟ್ಟಿದೆ, ಹಣೆಯ ಅಂಚಿಗೂ ಇಳಿದಿದೆ, ಕಿತ್ತರೆ ರಕ್ತ ಜಿನುಗುತ್ತದೆ. ಮೊಣಕೈಯಲ್ಲೂ ಅಂಥದ್ದೇ ಒಂದು ಮಚ್ಚೆಯಿದೆ. ಹೊಟ್ಟಿನ ಶ್ಯಾಂಪೂ ಆರು ತಿಂಗಳಿನಿಂದ ಬಳಸಿದರೂ ಪ್ರಯೋಜನವಾಗಿಲ್ಲ. ಪರಿಚಿತರು ಕೊಟ್ಟ ಒಂದು ಲೋಷನ್ ಹಚ್ಚಿದರೆ ಎರಡೇ ದಿನದಲ್ಲಿ ಇಳಿಯುತ್ತದೆ, ಬಿಟ್ಟರೆ ಇಮ್ಮಡಿಯಾಗುತ್ತದೆ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ.
— ಗದಗಿನ ಓದುಗರು

ಉತ್ತರ: ಮಾನ್ಯರೇ, ಕೂದಲಿನ ಗಡಿ ದಾಟಿ ಹಣೆಗಿಳಿದ ದಪ್ಪ ಪದರ, ಕಿತ್ತಲ್ಲಿ ರಕ್ತದ ಹನಿ, ಮೊಣಕೈಯ ಮಚ್ಚೆ ಈ ಮೂರೂ ಸೇರಿದಾಗ ಸೋರಿಯಾಸಿಸ್ ಎಂದು ಅನುಮಾನಿಸಬೇಕಾಗುತ್ತದೆ. ಉಗುರುಗಳಲ್ಲಿ ಸೂಜಿ ಚುಚ್ಚಿದಂಥ ಸಣ್ಣ ಕುಳಿಗಳಿವೆಯೇ ನೋಡಿಕೊಳ್ಳಿ. ಇದರಲ್ಲಿ ಮೂಲ ದೋಷವಿರುವುದು ದೇಹದ ರೋಗನಿರೋಧಕ ವ್ಯವಸ್ಥೆಯಲ್ಲಿ, ಆದ್ದರಿಂದ ಶಿಲೀಂಧ್ರನಾಶಕ ಶ್ಯಾಂಪೂವಿನಿಂದ ಹೆಚ್ಚಿನದನ್ನು ನಿರೀಕ್ಷಿಸುವಂತಿಲ್ಲ.

ಇಲ್ಲಿ ಮೊದಲು ಆಗಬೇಕಾದದ್ದು ಪದರವನ್ನು ಮೆದುಮಾಡಿ ತೆಗೆಯುವುದು. ಮೇಲಿನ ಓದುಗನಿಗೆ ಬೇಡವೆಂದ ಎಣ್ಣೆಯನ್ನೇ ನಿಮಗೆ ಹಚ್ಚಿಕೊಳ್ಳಿ ಎನ್ನುತ್ತಿದ್ದೇನೆ, ಕಾಯಿಲೆ ಬೇರೆಯಾದಾಗ ಪಥ್ಯವೂ ಬೇರೆ. ಉಗುರುಬೆಚ್ಚಗಿನ ಎಣ್ಣೆಯನ್ನು ಕೆಲವು ಗಂಟೆ ನೆತ್ತಿಯಲ್ಲಿ ನೆನೆಯಲು ಬಿಟ್ಟು, ಶೇ. 3ರ ಸ್ಯಾಲಿಸಿಲಿಕ್ ಆಮ್ಲವಿರುವ ಶ್ಯಾಂಪೂವಿನಿಂದ ತೊಳೆದರೆ ಪದರ ತಾನಾಗಿ ಸಡಿಲಾಗುತ್ತದೆ. ಬಾಚಣಿಗೆಯಿಂದ ಕಿತ್ತರೆ ಗಾಯವಾದಲ್ಲೇ ಹೊಸ ಮಚ್ಚೆ ಏಳುವುದು ಈ ರೋಗದ ಸ್ವಭಾವ. ಕೋಲ್ ಟಾರ್, ಅಂದರೆ ಕಲ್ಲಿದ್ದಲಿನ ಡಾಂಬರಿನ ಶ್ಯಾಂಪೂ, ಹಳೆಯ ಔಷಧವಾದರೂ ಚರ್ಮಕೋಶಗಳ ಅತಿ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆ, ನವೆಯನ್ನೂ ತಗ್ಗಿಸುತ್ತದೆ. ಅದರ ವಾಸನೆಯನ್ನು ಮನೆಯವರು ಸಹಿಸಬೇಕು, ಬಿಳಿಗೂದಲು ಹಳದಿ ಛಾಯೆಗೆ ತಿರುಗಬಹುದು, ಹಚ್ಚಿದ ದಿನ ಬಿಸಿಲಿಗೆ ಟೋಪಿ ಅಥವಾ ಕೊಡೆ ಬೇಕು.

ಎರಡು ದಿನದಲ್ಲಿ ಮಾಯ ಮಾಡಿ ಬಿಟ್ಟಾಗ ಇಮ್ಮಡಿಸುವ ನಿಮ್ಮ ಲೋಷನ್ ಸ್ಟೀರಾಯ್ಡ್ ಆಗಿರುವ ಸಾಧ್ಯತೆಯೇ ಹೆಚ್ಚು. ಸ್ಟೀರಾಯ್ಡ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ನಾವೇ ಅದನ್ನು ಬರೆದುಕೊಡುತ್ತೇವೆ. ಶೇ. 0.05ರ ಕ್ಲೊಬೆಟಸಾಲ್ ಶ್ಯಾಂಪೂ ಎಂಬುದೂ ಇದೆ. ಅದನ್ನು ಒದ್ದೆ ತಲೆಗಲ್ಲ, ಒಣ ನೆತ್ತಿಗೆ ಹಚ್ಚಿ 15 ನಿಮಿಷ ಬಿಟ್ಟು ತೊಳೆಯಬೇಕು, ಒಂದೇ ಸಮನೆ 4 ವಾರಕ್ಕಿಂತ ಹೆಚ್ಚು ಬಳಸಬಾರದು. ವೈದ್ಯರ ಲೆಕ್ಕವಿಲ್ಲದೆ ತಿಂಗಳುಗಟ್ಟಲೆ ಹಚ್ಚಿದಾಗಲೇ ಚರ್ಮ ತೆಳುವಾಗುವುದು, ರೋಗ ಮರುಕಳಿಸಿ ಕೆರಳುವುದು. ಆ ಬಾಟಲಿಯನ್ನು ಎಸೆಯದೆ ಚರ್ಮರೋಗ ತಜ್ಞರ ಬಳಿಗೆ ಒಯ್ಯಿರಿ. ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆಗಳು ಕೆಲವರಲ್ಲಿ ಸೋರಿಯಾಸಿಸ್ ಹೆಚ್ಚಿಸುವುದುಂಟು, ಆದ್ದರಿಂದ ರಕ್ತದೊತ್ತಡದ ಮಾತ್ರೆಯ ಚೀಟಿಯೂ ಜೊತೆಗಿರಲಿ. ನೀವಾಗಿಯೇ ಅದನ್ನು ನಿಲ್ಲಿಸುವುದು ಅಪಾಯ. ಬೆಳಿಗ್ಗೆ ಎದ್ದಾಗ ಬೆರಳ ಗೆಣ್ಣು ಬಿಗಿದುಕೊಳ್ಳುವುದು, ಹಿಮ್ಮಡಿ ನೋವು ಇದ್ದರೆ ಅದನ್ನೂ ಹೇಳಿ. ನೆತ್ತಿಯ ಸೋರಿಯಾಸಿಸ್ ಇರುವವರಲ್ಲಿ ಕೀಲುಗಳಿಗೂ ರೋಗ ತಗಲುವ ಸಂಭವ ಹೆಚ್ಚು, ತಡಮಾಡಿದರೆ ಕೀಲಿನ ಹಾನಿ ಸರಿಹೋಗದು.

ಪ್ರಶ್ನೆ: ಆರು ವರ್ಷದ ಮಗನ ತಲೆಯಲ್ಲಿ ರೂಪಾಯಿ ನಾಣ್ಯದಗಲ ಕೂದಲು ಹೋಗಿದೆ. ಅಲ್ಲಿ ಕಪ್ಪು ಚುಕ್ಕೆ, ಹೊಟ್ಟು, ತುರಿಕೆ. ಈಗ ಅದರ ಪಕ್ಕದಲ್ಲಿ ಕೀವು ತುಂಬಿದ ಗಡ್ಡೆಯಂತೆ ಊದಿಕೊಂಡಿದೆ. ಹೊಟ್ಟಿನ ಶ್ಯಾಂಪೂ ಹಚ್ಚುತ್ತಿದ್ದೇನೆ. ತಲೆ ಬೋಳಿಸಿದರೆ ಒಳ್ಳೆಯದೇ?
— ರಾಯಚೂರಿನ ತಾಯಿ

ಉತ್ತರ: ಅಮ್ಮಾ, ಈ ವಾರವೇ ಮಗುವನ್ನು ಚರ್ಮರೋಗ ತಜ್ಞರಿಗೆ ತೋರಿಸಿ. ಇದು ಹುಳುಕಡ್ಡಿ ತಲೆಗೆ ಬಂದಿರುವ ಲಕ್ಷಣ. ಕಪ್ಪು ಚುಕ್ಕೆಗಳೆಂದರೆ ಚರ್ಮದ ಮಟ್ಟದಲ್ಲೇ ಮುರಿದ ಕೂದಲ ತುಂಡುಗಳು. ಈ ಶಿಲೀಂಧ್ರ ಹೊಟ್ಟಿನದಕ್ಕಿಂತ ಬೇರೆಯದು, ಕೂದಲಿನ ಬುಡದೊಳಕ್ಕೆ ಇಳಿದಿರುತ್ತದೆ, ಮೇಲೆ ಹಚ್ಚುವ ಯಾವ ಶ್ಯಾಂಪೂವೂ ಅಲ್ಲಿಗೆ ತಲುಪುವುದಿಲ್ಲ. ಗ್ರಿಸಿಯೊಫಲ್ವಿನ್ ಅಥವಾ ಟರ್ಬಿನಫಿನ್ ಔಷಧವನ್ನು ಮಗುವಿನ ತೂಕಕ್ಕೆ ತಕ್ಕಂತೆ ಬಾಯಿಂದ ಹಲವು ವಾರ ಕೊಡಬೇಕಾಗುತ್ತದೆ. ಗ್ರಿಸಿಯೊಫಲ್ವಿನ್ ಕೊಟ್ಟರೆ ಹಾಲಿನೊಡನೆ ಅಥವಾ ತುಪ್ಪದ ಊಟದೊಡನೆ ಕೊಡಿ, ಕೊಬ್ಬಿನೊಂದಿಗೆ ಅದು ಚೆನ್ನಾಗಿ ಮೈಗೂಡುತ್ತದೆ. ಊದಿರುವ ಗಡ್ಡೆಯನ್ನು ಕುರು ಎಂದು ತಿಳಿದು ಕೊಯ್ಯಿಸಬೇಡಿ. ಅದು ಶಿಲೀಂಧ್ರಕ್ಕೆ ದೇಹ ತೋರುವ ತೀವ್ರ ಪ್ರತಿಕ್ರಿಯೆ, ತಡವಾದರೆ ಅಲ್ಲಿ ಕಲೆ ಉಳಿದು ಕೂದಲು ಮರಳಿ ಬಾರದಿರಬಹುದು.

ತಲೆ ಬೋಳಿಸುವ ಅಗತ್ಯವಿಲ್ಲ. ಮಗು ಶಾಲೆಯಲ್ಲಿ ಪಡುವ ಅವಮಾನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲವೇ? ಶ್ಯಾಂಪೂವನ್ನು ನಿಲ್ಲಿಸಬೇಡಿ, ಮಾತ್ರೆಯ ಜೊತೆಗೆ ಅದಕ್ಕೊಂದು ಕೆಲಸವಿದೆ: ಕೂದಲ ಮೇಲಿನ ಬೀಜಾಣುಗಳನ್ನು ತಗ್ಗಿಸಿ ಇತರರಿಗೆ ಹರಡದಂತೆ ಮಾಡುತ್ತದೆ. ಯಾವುದನ್ನು ಎಷ್ಟು ದಿನ ಎಂಬುದನ್ನು ಮಗುವನ್ನು ನೋಡಿದ ವೈದ್ಯರು ಹೇಳಲಿ. ಬಾಚಣಿಗೆ, ಟವೆಲ್, ದಿಂಬು ಬೇರೆ ಇಡಿ. ಅಣ್ಣತಮ್ಮಂದಿರ ತಲೆಯನ್ನೂ, ಮನೆಯಲ್ಲಿ ಬೆಕ್ಕು ನಾಯಿ ಇದ್ದರೆ ಅವುಗಳ ಮೈಯನ್ನೂ ಪರೀಕ್ಷಿಸಿ.

ಪ್ರಶ್ನೆ: ಊರಿಗೆ ಬಂದಾಗಲೆಲ್ಲ ಜಿಂಕ್ ಪೈರಿಥಿಯೋನ್ ಶ್ಯಾಂಪೂ ತರುತ್ತಿದ್ದೆ. ಇಲ್ಲಿ ಅದನ್ನು ನಿಷೇಧಿಸಿದ್ದಾರಂತೆ. ಇಷ್ಟು ವರ್ಷ ಬಳಸಿದ್ದಕ್ಕೆ ಭಯವಾಗಿದೆ.
— ಜರ್ಮನಿಯಿಂದ ಕನ್ನಡದ ಓದುಗಿ

ಉತ್ತರ: ಐರೋಪ್ಯ ಒಕ್ಕೂಟದಲ್ಲಿ ಸೌಂದರ್ಯವರ್ಧಕಗಳಲ್ಲಿ ಇದರ ಬಳಕೆ 2022ರ ಮಾರ್ಚ್‌ನಿಂದ ನಿಂತಿರುವುದು ನಿಜ. ಸಂತಾನಶಕ್ತಿಗೆ ಹಾನಿ ಮಾಡಬಹುದಾದ ವಸ್ತುಗಳ ವರ್ಗಕ್ಕೆ ಅದನ್ನು ಸೇರಿಸಿದಾಗ, ಬೇರೆ ಬದಲಿಗಳಿದ್ದ ಕಾರಣ ವಿನಾಯಿತಿ ಸಿಗಲಿಲ್ಲ. ಹೊಟ್ಟಿಗೆ ಬಳಸಿ ತೊಳೆದುಬಿಡುವ ಶ್ಯಾಂಪೂವಿನಲ್ಲಿ ಶೇ. 1ರವರೆಗೆ ಅದು ಸುರಕ್ಷಿತವೆಂದು ಅಲ್ಲಿನ ವೈಜ್ಞಾನಿಕ ಸಮಿತಿಯೇ ಹೇಳಿತ್ತು. ಆದ್ದರಿಂದ ಹಿಂದಿನ ಬಳಕೆಗೆ ಹೆದರಬೇಡಿ. ಅಲ್ಲಿನ ಔಷಧಾಲಯದಲ್ಲಿ ಕೀಟೋಕೊನಜೋಲ್ ಶ್ಯಾಂಪೂ ಕೇಳಿ ಅಥವಾ ಪಿರೊಕ್ಟೋನ್ ಒಲಮಿನ್ ಇರುವುದನ್ನು ಕೊಳ್ಳಿ. ಗರ್ಭಿಣಿಯಾಗಿದ್ದರೆ ಮೊದಲು ವೈದ್ಯರನ್ನು ವಿಚಾರಿಸಿ. ಮನೆಗೆ ಶಾಖಯಂತ್ರ ಹಾಕುವ ತಿಂಗಳುಗಳಲ್ಲಿ ಗಾಳಿ ಒಣಗಿ ನೆತ್ತಿ ಹೆಚ್ಚು ಕೆರಳುವುದರಿಂದ, ಹದಿನೈದು ದಿನಕ್ಕೊಮ್ಮೆ ಹಚ್ಚುತ್ತಿದ್ದರೆ ಆಗ ವಾರಕ್ಕೊಮ್ಮೆ ಹಚ್ಚಿ, ಮತ್ತು ಆ ಚಳಿಯಲ್ಲಿ ಎಷ್ಟೇ ಆಸೆಯಾದರೂ ಸುಡುನೀರನ್ನು ತಲೆಗೆ ಹಾಕಿಕೊಳ್ಳಬೇಡಿ.