ಟೀಚರಮ್ಮನ ಹತ್ತಿರ ಕೇಳಿ: ಪ್ಯಾಂಟ್ ಜೇಬಲ್ಲಿ ಸಿಕ್ಕ ಮಂಡಿ ಚೀಟಿ

ಪ್ರಶ್ನೆ: ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಮಗನಿಗೆ 15 ವರ್ಷ, ಎಸ್ಸೆಸ್ಸೆಲ್ಸಿ. ಹೋದ ತಿಂಗಳು ಅವರಪ್ಪನಿಗೆ ಜ್ವರ ಇತ್ತು. ಇವನೇ ಟೆಂಪೋದಲ್ಲಿ 20 ಬಾಕ್ಸ್ ಟೊಮೆಟೊ ಕೋಲಾರದ ಮಂಡಿಗೆ ತಗೊಂಡು ಹೋದ. ಬಾಕ್ಸಿಗೆ 380 ಸಿಕ್ಕಿತು ಅಂದ. ಆಮೇಲೆ ಪ್ಯಾಂಟ್ ಒಗೆಯುವಾಗ ಚೀಟಿ ಸಿಕ್ಕಿತು, ಅದರಲ್ಲಿ 420 ಇತ್ತು. ಕೇಳಿದರೆ, ಗೆಳೆಯನ ಮೊಬೈಲ್ ನನ್ನ ಕೈಜಾರಿ ಒಡೆದುಹೋಗಿತ್ತು, ರಿಪೇರಿಗೆ ಕೊಟ್ಟೆ ಅಂದ. ಯಜಮಾನರಿಗೆ ನಾನೇ ಹೇಳಿದೆ. ಅವರು ಅರಳಿಕಟ್ಟೆ ಹತ್ತಿರ ನಾಲ್ಕು ಜನರ ಎದುರಿಗೇ ಕಳ್ಳ ಅಂತ ಬೈದು ಹೊಡೆದರು. ಹತ್ತು ದಿನದಿಂದ ಮನೆಯಲ್ಲಿ ಮಾತಿಲ್ಲ. ತಟ್ಟೆ ತಗೊಂಡು ಹಿತ್ತಲಿಗೆ ಹೋಗುತ್ತಾನೆ. ಮಗ ಕೆಟ್ಟುಹೋದನಾ ಟೀಚರ್? ಹಾಸ್ಟೆಲಿಗೆ ಹಾಕೋಣವಾ?

ಉತ್ತರ: ಕೆಟ್ಟಿಲ್ಲಮ್ಮ. ಚೀಟಿಯನ್ನ ಜೇಬಲ್ಲೇ ಬಿಟ್ಟುಕೊಂಡು ಬಂದವನು ಪಳಗಿದ ಕಳ್ಳನಾ?

ಮಂಡಿ ಹೇಗಿರುತ್ತೆ ನಿಮಗೇ ಗೊತ್ತು. 15 ಕೆಜಿ ಬಾಕ್ಸಿಗೆ ಇವತ್ತು ಒಂದು ರೇಟು, ನಾಳೆ ಇನ್ನೊಂದು. 2023ರ ಜುಲೈನಲ್ಲಿ ಅದೇ ಬಾಕ್ಸು 2,000 ದಾಟಿದಾಗ ದೊಡ್ಡವರ ತಲೆಯೇ ತಿರುಗಿತ್ತು. ಅಂಥ ಕಡೆ ಹುಡುಗನ ಕೈಗೆ ಎಂಟು ಸಾವಿರ ಚಿಲ್ಲರೆ ಬಂತು. ಮನಸ್ಸಲ್ಲಿ ಮೊಬೈಲ್ ಒಡೆದ ಭಯ. ತಡೆದು ಯೋಚನೆ ಮಾಡಿಸುವ ಮುಂಭಾಗದ ಮಿದುಳು ಪೂರ್ತಿ ಬಲಿಯಲು ಇಪ್ಪತ್ತೈದರ ಆಸುಪಾಸು ಆಗಬೇಕು. ಹಾಗಂತ ತಪ್ಪು ಮಾಫಿ ಆಗಲ್ಲ.

ಲಾರೆನ್ಸ್ ಕೋಲ್‌ಬರ್ಗ್ ಅಂತ ಒಬ್ಬ ಅಮೆರಿಕದ ಮನಶ್ಶಾಸ್ತ್ರಜ್ಞ ಇದ್ದ. ಹುಡುಗರಿಗೆ ಒಂದು ಕಥೆ ಹೇಳುತ್ತಿದ್ದ. ಹೆಂಡತಿ ಸಾಯುತ್ತಿದ್ದಾಳೆ, ಔಷಧಿಗೆ ದುಡ್ಡು ಸಾಲದು, ಗಂಡ ಕದಿಯಬಹುದಾ? ಹೌದು, ಇಲ್ಲ ಎರಡೂ ಅವನಿಗೆ ಮುಖ್ಯ ಆಗಿರಲಿಲ್ಲ. ಯಾಕೆ ಅನ್ನೋದು ಬೇಕಿತ್ತು. ಚಿಕ್ಕವರು ಶಿಕ್ಷೆಯ ಮಾತಾಡಿದರು. ಹದಿಹರೆಯದವರಲ್ಲಿ ಜಾಸ್ತಿ ಕಂಡಿದ್ದು, ನಮ್ಮವರು ನನ್ನನ್ನ ಒಳ್ಳೆಯವನು ಅಂತಾರಾ ಅನ್ನೋ ಲೆಕ್ಕ. ನಿಮ್ಮ ಮಗ ಅಲ್ಲೇ ಇದ್ದಾನೆ. ಗೆಳೆಯನ ಹತ್ತಿರ ಒಳ್ಳೆಯವನಾಗೋಕೆ ಅಪ್ಪನ ಹತ್ತಿರ ಸುಳ್ಳು ಹೇಳಿದ. ಅವನಿಗೆ ಕೋಲಿನ ಏಟು ಮರೆತುಹೋಗುತ್ತೆ. ಅರಳಿಕಟ್ಟೆಯಲ್ಲಿ ಕೂತಿದ್ದ ಆ ನಾಲ್ಕು ಮುಖ ಮರೆಯಲ್ಲ.

ನಾನೂ ಇದೇ ಮಾಡಿದ್ದೇನೆ. ಮುಳಬಾಗಿಲು ಕಡೆ ಶಾಲೆಯಲ್ಲಿದ್ದಾಗ, ಕಂಪಾಸ್ ಬಾಕ್ಸ್ ಕದ್ದ ಎಂಟನೇ ಕ್ಲಾಸಿನ ಹುಡುಗನನ್ನ ಪ್ರೇಯರ್‌ನಲ್ಲಿ ಎಲ್ಲರ ಮುಂದೆ ನಿಲ್ಲಿಸಿದೆ. ಶಿಸ್ತು ಕಲಿಸಿದೆ ಅಂದುಕೊಂಡೆ. ಮಾರನೇ ದಿನದಿಂದ ಅವನು ಬರಲಿಲ್ಲ. ಮೂರು ಸಲ ಮನೆಗೆ ಹೋದೆ. ನನ್ನ ಸೀರೆ ಕಂಡರೆ ಸಾಕು, ಹಿಂದಿನ ಬಾಗಿಲಿಂದ ಹೊಲಕ್ಕೆ ಓಡುತ್ತಿದ್ದ. ಓದು ಅಲ್ಲಿಗೇ ನಿಂತಿತು. 35 ರೂಪಾಯಿಯ ಡಬ್ಬಿ ಅದು.

ಈಗ ಮೊದಲ ಮಾತು ನಿಮ್ಮ ಯಜಮಾನರಿಂದ ಬರಬೇಕು. ‘ಸುಳ್ಳು ಹೇಳಿದ್ದು ನಿನ್ನ ತಪ್ಪು, ಊರೆದುರು ಹೊಡೆದಿದ್ದು ನನ್ನ ತಪ್ಪು’ ಅಂದರೆ ಸಾಕು. ಎದುರು ಕೂರಿಸಿಕೊಂಡು ಪಂಚಾಯ್ತಿ ಮಾಡೋದು ಬೇಡ. ಡ್ರಿಪ್ ಪೈಪ್ ಸರಿಮಾಡುತ್ತಾ ಹೇಳಲಿ, ಇಲ್ಲ ಬೈಕಲ್ಲಿ ಹೋಗುವಾಗ. ಮುಖ ನೋಡಬೇಕಾಗಿಲ್ಲ ಅಂದರೆ ಈ ವಯಸ್ಸಿನವರು ಬಾಯಿ ಬಿಡುತ್ತಾರೆ.

800 ರೂಪಾಯಿ ಮಾತ್ರ ಬಿಡಬೇಡಿ. ಭಾನುವಾರ ಕಾಯಿ ಬಿಡಿಸಲಿ, ಕೂಲಿ ಎಷ್ಟೋ ಅಷ್ಟು ಅವನೇ ನೋಟ್ ಪುಸ್ತಕದಲ್ಲಿ ಬರೆದು ತೀರಿಸಲಿ. ನೀವು ಸಾಸಿವೆ ಡಬ್ಬಿಯಿಂದ ಗುಟ್ಟಾಗಿ ಕೊಟ್ಟುಬಿಡಬೇಡಿ. ತಾಯಂದಿರ ಕೈ ನನಗೆ ಗೊತ್ತು! ತೀರಿದ ಮೇಲೆ ಮುಂದಿನ ಲೋಡಿಗೆ ಅವನನ್ನೇ ಮಂಡಿಗೆ ಕಳಿಸಿ. ಎದೆ ಡವಡವ ಅನ್ನುತ್ತೆ, ಆದರೂ ಕಳಿಸಿ. ಬಂದ ಮೇಲೆ ಜೇಬು ತಡಕಬೇಡಿ, ಚೀಟಿ ಅವನೇ ಕೊಡಲಿ.

ಹಾಸ್ಟೆಲ್ ಈಗ ಬೇಡ, ಮನೆಯಿಂದ ಹೊರಗೆ ಹಾಕಿದರು ಅಂದುಕೊಳ್ಳುತ್ತಾನೆ. ಊಟ ನಿದ್ದೆ ಪೂರ್ತಿ ಬಿಟ್ಟರೆ, ಬದುಕೇ ಬೇಡ ಅನ್ನೋ ಮಾತು ಬಂದರೆ ತಡಮಾಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಮಗಳಿಗೆ 16. ರಾತ್ರಿ 12ಕ್ಕೆ ಮುಂಚೆ ಮಲಗಲ್ಲ, ಬೆಳಿಗ್ಗೆ ಏಳಲ್ಲ. ಸೋಮಾರಿತನ ಬಿಡಿಸೋದು ಹೇಗೆ? (ಗೌರಿಬಿದನೂರಿನ ಒಬ್ಬ ತಂದೆ)

ಉತ್ತರ: ಎಲ್ಲಾ ಸೋಮಾರಿತನ ಅಲ್ಲ. ನಿದ್ದೆ ತರಿಸುವ ಮೆಲಟೋನಿನ್ ಈ ವಯಸ್ಸಲ್ಲಿ ತಡವಾಗಿ ಊರುತ್ತೆ. ಆದರೆ 8ರಿಂದ 10 ಗಂಟೆ ನಿದ್ದೆ ಬೇಕೇ ಬೇಕು. ರಾತ್ರಿ ಹತ್ತಕ್ಕೆ ಮನೆಯ ಮೊಬೈಲೆಲ್ಲಾ ಹಾಲ್‌ನಲ್ಲಿ ಚಾರ್ಜಿಗೆ ಹಾಕಿ. ನಿಮ್ಮದೂ ಸೇರಿ.