ನಾಲ್ಕೂವರೆ ವರ್ಷದ ಮಗಳಿಗೆ ಯಾವ ಹಬ್ಬದ ಕ್ರಾಫ್ಟ್ ಕಿಟ್ ತರಲಿ?

ಯಾವುದೂ ಬೇಡ. ಹಬ್ಬಕ್ಕೊಂದು ಹಾಳೆ ಶಾಲೆಯಿಂದ ಬರುತ್ತದೆ, ಕತ್ತರಿಸಿ ಅಂಟಿಸಿ ಫೋಟೊ ಕಳಿಸುತ್ತೇವೆ, ಆದರೂ ಪೆನ್ಸಿಲ್ ಹಿಡಿತ ಸರಿಹೋಗಿಲ್ಲ ಅಂತ ಬರೆದಿದ್ದೀರಿ. ಚಿಕ್ಕ ಮಕ್ಕಳ ತರಗತಿಗೆ ಬಂದ ಹೊಸದರಲ್ಲಿ ನಾನೂ ಹೀಗೇ ಹಾಳೆ ಹಂಚುತ್ತಿದ್ದವಳು. ಹೊಸ ಹಬ್ಬ ಬಂದರೆ ಹೊಸ ವಸ್ತು: ಒಮ್ಮೆ ಹತ್ತಿ, ಒಮ್ಮೆ ಥರ್ಮಾಕೋಲ್, ಒಮ್ಮೆ ಮಿಣಮಿಣ ಕಾಗದ. ಮಗುವಿನ ಕೈಗೆ ಒಂದು ವಸ್ತು ಒಗ್ಗುವಷ್ಟರಲ್ಲಿ ಅದು ಡಬ್ಬಿ ಸೇರಿರುತ್ತದೆ. ಹಬ್ಬಕ್ಕೊಂದು ಕ್ರಾಫ್ಟ್ ಬೇಡ, ಒಂದು ಋತುವಿಗೆ ಒಂದೇ ವಸ್ತು ಸಾಕು. ಮಳೆಗಾಲಕ್ಕಾದರೆ ಮಣ್ಣು.

ಮೊದಲು ಪೆನ್ಸಿಲ್ ವಿಷಯ ಮುಗಿಸಿಬಿಡೋಣ. ಮಣಿಕಟ್ಟಿನಲ್ಲಿ ಒಟ್ಟು 8 ಪುಟ್ಟ ಎಲುಬುಗಳಿವೆ, ನಿಮ್ಮ ಮಗಳ ವಯಸ್ಸಿಗೆ ಅವುಗಳಲ್ಲಿ ಕೆಲವು ಇನ್ನೂ ಎಲುಬಾಗಿರುವುದೇ ಇಲ್ಲ. ಮೂರು ಬೆರಳಿನ ಹಿಡಿತ ಅನೇಕ ಮಕ್ಕಳಿಗೆ ಐದು, ಆರರ ಹೊತ್ತಿಗೆ ಕೂಡಿಬರುತ್ತದೆ. ಈಗ ನೋಡಬೇಕಾದದ್ದು ಭುಜ, ಮೊಣಕೈ, ಅಂಗೈಗಳಲ್ಲಿ ಬಲ ಬಂದಿದೆಯೇ, ಎರಡು ಕೈ ಒಟ್ಟಿಗೆ ಕೆಲಸ ಮಾಡುತ್ತವೆಯೇ ಅಂತ. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ 3ರಿಂದ 8 ವರ್ಷದವರಿಗೆ ಆಟದ ಮೂಲಕವೇ ಕಲಿಕೆ ಅನ್ನುತ್ತದೆ. ಅಕ್ಷರ ದುಂಡಗಾಗುವ ಚಿಂತೆ ಬಿಡಿ.

ಉತ್ತರ ಕರ್ನಾಟಕದ ಕಡೆಯ ಹಬ್ಬಗಳ ಸಾಲು ನೋಡಿ. ಜ್ಯೇಷ್ಠದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಅಂದರೆ ಮಣ್ಣಲ್ಲಿ ಮಾಡಿ ಪೂಜಿಸುವ ದೇವಿ. ಅಮಾವಾಸ್ಯೆಯಿಂದ ಸುಮಾರು 5 ವಾರಕ್ಕೆ ನಾಗರ ಪಂಚಮಿ, ಅದಾಗಿ ಸುಮಾರು ಒಂದು ತಿಂಗಳಿಗೆ ಗಣೇಶ ಚೌತಿ. ಎಲ್ಲಕ್ಕೂ ಮಣ್ಣೇ. ಕೆಲಸವೂ ಮೆಟ್ಟಿಲು ಮೆಟ್ಟಿಲಾಗಿ ಕಷ್ಟವಾಗುತ್ತ ಹೋಗುತ್ತದೆ: ಎತ್ತಿಗೆ ಉಂಡೆ ಮತ್ತು ಚಿವುಟು, ಗುಳ್ಳವ್ವನಿಗೆ ಕಾಳು ಒತ್ತುವುದು, ನಾಗಪ್ಪನಿಗೆ ತುದಿ ಸಣ್ಣಗಾಗುವ ಉದ್ದ ಸುರುಳಿ, ಗಣಪನಿಗೆ ಹತ್ತಾರು ಬೆಸುಗೆ. ಇಷ್ಟು ಚೆಂದದ ಪಾಠಯೋಜನೆ ಯಾವ ಕಿಟ್‌ನ ಡಬ್ಬಿಯಲ್ಲೂ ಇಲ್ಲ. ನಿಮ್ಮೂರಲ್ಲಿ ಈ ಹಬ್ಬಗಳಿಲ್ಲದಿದ್ದರೂ ಎತ್ತು ಮಾಡಲು ಅಡ್ಡಿಯೇನಿಲ್ಲ.

ಈಗ ಎಲ್ಲವನ್ನೂ ಕೆಡಿಸುವ ಒಂದು ತಪ್ಪು. ದೊಡ್ಡವರು ಮಣ್ಣು ಕಲಸಿ, ನಾದಿ, ಉಂಡೆ ಕಟ್ಟಿ ಮಗುವಿನ ಮುಂದೆ ಇಡುವುದು. ಗಲೀಜಾಗದಿರಲಿ, ಬೇಗ ಮುಗಿಯಲಿ ಅಂತ ನಾವೆಲ್ಲ ಮಾಡುವುದೇ ಇದು. ಆದರೆ ಕಲಿಕೆಯ ಮುಕ್ಕಾಲು ಪಾಲು ಆ ಕಲಸುವುದರಲ್ಲೇ ಹೋಯಿತು. ಹೆಂಟೆ ಒಡೆಯುವಾಗ ಭುಜ, ಮೊಣಕೈ ದುಡಿಯುತ್ತವೆ. ಹರಳು ಆರಿಸುವಾಗ ಹೆಬ್ಬೆರಳು ಮತ್ತು ತೋರುಬೆರಳು ಚಿಮಟದಂತೆ ಸೇರುತ್ತವೆ. ಮುಂದೆ ಪೆನ್ಸಿಲ್ ಹಿಡಿಯುವುದು ಇವೇ ಬೆರಳು. ಜರಡಿ ಹಿಡಿದರೆ ಎರಡು ಕೈಯೂ ಒಂದೇ ತಾಳಕ್ಕೆ ಬರಬೇಕು. ಲೋಟದಿಂದ ನೀರು ಹಾಕುವಾಗ ಹೆಚ್ಚು, ಕಡಿಮೆ, ಅರ್ಧ, ಇನ್ನೊಂದು ಚೂರು ಅನ್ನುವ ಮಾತುಗಳೆಲ್ಲ ತಾವಾಗಿ ಬರುತ್ತವೆ. ಕಲಸಿದ ಉಂಡೆ ಕೊಟ್ಟರೆ ಇಷ್ಟೂ ಹೋಯಿತು, ಉಳಿದದ್ದು ಅಲಂಕಾರ. ಇನ್ನೊಂದು ನಷ್ಟವೂ ಇದೆ. ಹದ ಎಲ್ಲಿಂದ ಬಂತು ಅಂತ ಮಗುವಿಗೆ ಗೊತ್ತಿರುವುದಿಲ್ಲ, ಮಣ್ಣು ಬಿರುಕು ಬಿಟ್ಟಾಗ ತಾನೇ ಕೈ ಒದ್ದೆ ಮಾಡಿಕೊಂಡು ಸರಿಪಡಿಸದೆ 'ಮಿಸ್, ಕೆಟ್ಟೋಯ್ತು' ಅಂತ ಕೈಚೆಲ್ಲುತ್ತದೆ. ಹಾಗೆ ಕೈಚೆಲ್ಲುವ ಮಗುವಿಗೆ ಆಸಕ್ತಿಯಿಲ್ಲ ಅಂತ ಹಣೆಪಟ್ಟಿ ಹಚ್ಚುವವರು ಮತ್ತೆ ನಾವೇ.

ಮಣ್ಣು ಯಾವುದು? ಕುಂಬಾರರಲ್ಲಿ ಒಣ ಹೆಂಟೆ ಸಿಕ್ಕರೆ ಉತ್ತಮ, ಇಲ್ಲವೇ ಕೆರೆ ಮಣ್ಣು. ಬರೀ ಎರೆಮಣ್ಣು ಒಣಗುತ್ತ ವಿಪರೀತ ಕುಗ್ಗಿ ಸೀಳುತ್ತದೆ. ನಾಲ್ಕು ಪಾಲಿಗೆ ಒಂದು ಪಾಲು ನಯವಾದ ಮರಳು ಸೇರಿಸಿ. ತೋಟದ ಕೆಮ್ಮಣ್ಣು ಹೆಚ್ಚಾಗಿ ತರಿತರಿ, ಸುತ್ತಿದರೆ ಮುರಿಯುತ್ತದೆ. ಚರಂಡಿ ಪಕ್ಕದ್ದು, ನಾಯಿ ಬೆಕ್ಕು ಓಡಾಡುವ ಕಡೆಯದು ಬೇಡವೇ ಬೇಡ. ಒಂದು ಜೋಡಿ ಎತ್ತು, ಅವಕ್ಕೆ ಮೇವು ಹಾಕುವ ಒಂದು ಗೋದಲಿಗೆ ಒಂದು ಕಿಲೋ ಒಣ ಮಣ್ಣು ಧಾರಾಳ. ಜರಡಿ ಹಿಡಿಯುವುದು ಅಂಗಳದಲ್ಲೇ ಆಗಲಿ, ಧೂಳು ಎದೆಗೆ ಒಳ್ಳೆಯದಲ್ಲ. ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ ಕೂರಿಸಿ.

ಒಂದು ಕಿಲೋ ಪುಡಿಗೆ ಸುಮಾರು ಕಾಲು ಲೀಟರ್ ನೀರು, ಎರೆಮಣ್ಣಿದ್ದರೆ ಇನ್ನಷ್ಟು ಕುಡಿಯುತ್ತದೆ. ಒಟ್ಟಿಗೆ ಸುರಿಯಬಾರದು. ಸುರಿದರೆ ಮೇಲೆಲ್ಲ ಲೋಳೆ, ಒಳಗೆ ಒಣ ಗಂಟು, ಆ ಲೋಳೆಗೆ ಹೇಸಿ ಕೈ ಹಿಂದೆಳೆದ ಮಗುವನ್ನು ಮತ್ತೆ ಕೂರಿಸುವುದು ಕಷ್ಟ. ಸಣ್ಣ ಲೋಟದಲ್ಲಿ ಸ್ವಲ್ಪ ಸ್ವಲ್ಪ ಹಾಕಿಸಿ, ಒದ್ದೆ ಬಟ್ಟೆ ಮುಚ್ಚಿ ರಾತ್ರಿ ಬಿಡಿ. ಬೆಳಿಗ್ಗೆ ಚಪಾತಿ ಹಿಟ್ಟಿಗಿಂತ ಒಂದು ಚೂರು ಗಟ್ಟಿ ಅನ್ನಿಸುವವರೆಗೆ ನಾದಲಿ. ಹದ ನೋಡಲು ಪೆನ್ಸಿಲ್ ದಪ್ಪದ ಎಳೆ ಹೊಸೆದು ಬೆರಳಿಗೆ ಸುತ್ತಿಸಿ. ಸೀಳಿದರೆ ಒದ್ದೆ ಕೈಯಲ್ಲಿ ಮತ್ತೆ ನಾದಬೇಕು, ಕೈಗೆ ಮೆತ್ತಿದರೆ ಒಣ ಪುಡಿ ಬೇಕು. ಯಾವುದು ಬೇಕು ಅಂತ ಅವಳೇ ಹೇಳಲಿ.

ಎತ್ತಿಗೆ ಕಾಲು ಅಂಟಿಸಬೇಡಿ. ಉದ್ದ ಉಂಡೆಯ ಹೊಟ್ಟೆಯಿಂದಲೇ ನಾಲ್ಕು ಕಡೆ ಚಿವುಟಿ ಎಳೆಯುವುದು. ಒಂದೇ ಮಣ್ಣಾದ್ದರಿಂದ ಕಾಲು ಉದುರುವುದಿಲ್ಲ. ಕಾಲು ಅವಳ ಹೆಬ್ಬೆರಳಿನಷ್ಟು ದಪ್ಪ, ಅದರ ಅರ್ಧದಷ್ಟು ಉದ್ದ ಇದ್ದರೆ ಸಾಕು. ತಲೆ, ಡುಬ್ಬ ಎರಡೂ ಮುಂದೆ ಇರುವುದರಿಂದ ಎತ್ತು ಮೊದಲು ಮೂತಿಯ ಮೇಲೇ ಬೀಳುತ್ತದೆ. ನೀವು ಕೈ ಹಾಕಬೇಡಿ, 'ಯಾವ ಕಡೆ ಬೀಳ್ತಿದೆ ಪುಟ್ಟಿ?' ಅಂತ ಕೇಳಿ ಸುಮ್ಮನಿರಿ. ಕೆಲವರು ಮುಂಗಾಲು ದಪ್ಪ ಮಾಡುತ್ತಾರೆ, ಕೆಲವರು ಕಾಲು ಅಗಲಿಸುತ್ತಾರೆ, ಒಬ್ಬಿಬ್ಬರು 'ಇದು ಮಲಗಿದ ಎತ್ತು' ಅಂದು ಕೈತೊಳೆದುಕೊಳ್ಳುತ್ತಾರೆ. ಮೂರೂ ಸರಿ.

ಕೋಡು ಮಾತ್ರ ಅಂಟಿಸಲೇಬೇಕು. ಎರಡೂ ಕಡೆ ಕಡ್ಡಿಯಿಂದ ಗೀರಿ, ಬೆರಳಿಗೆ ಮೆತ್ತಿ ನಿಲ್ಲುವಷ್ಟು ಗಟ್ಟಿ ಕೆಸರು ಹಚ್ಚಿ, ಅಲ್ಲಾಡಿಸುತ್ತ ಒತ್ತಬೇಕು. ಗೀರದೆ ಒತ್ತಿದರೆ ಒಣಗಿದ ಮೇಲೆ ಕಳಚಿ ಬರುತ್ತದೆ. ಸಣ್ಣ ಕೋಡು ಬೇಗ ಒಣಗಿ ಕುಗ್ಗುತ್ತದೆ, ಮೈ ಇನ್ನೂ ಹಸಿ ಇರುತ್ತದೆ. ಬುಡದಲ್ಲಿ ಬಿರುಕು ಏಳುವುದು ಅದಕ್ಕೇ. ಮೊದಲ ದಿನ ಕೋಡಿಗಷ್ಟೇ ಒದ್ದೆ ಬಟ್ಟೆ ಸುತ್ತಿಡಿ, ಬಿಸಿಲಿಗೆ ಇಡದೆ ನೆರಳಲ್ಲೇ ಒಣಗಿಸಿ. ಎರಡು ಎತ್ತಿಗೆ ಎಷ್ಟು ಕೋಡು, ಎಷ್ಟು ಕಾಲು ಅಂತ ಪರೀಕ್ಷೆ ಮಾಡಬೇಕಾಗಿಲ್ಲ. 'ಕೋಡಿಗೆ ಎಷ್ಟು ಉಂಡೆ ತೆಗೆದಿಡಲಿ?' ಅಂದರೆ ಎಣಿಸದೆ ಬೇರೆ ದಾರಿಯಿಲ್ಲ.

ಕಣ್ಣಿಗೆ, ಗುಳ್ಳವ್ವನ ಸಿಂಗಾರಕ್ಕೆ ಹಳೆಯ ರೂಢಿಯಂತೆ ಗುಲಗಂಜಿ ಕೊಡಬೇಡಿ. ಕೆಂಪು ಕಪ್ಪು ಬಣ್ಣಕ್ಕೆ ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಾರೆ, ಅಗಿದರೆ ಅದು ಜೀವ ತೆಗೆಯುವಷ್ಟು ವಿಷ. ಜೋಳದ ಕಾಳು, ಕುಸುಬಿ ಸಾಕು. ಮೂರು ವರ್ಷದೊಳಗಿನ ತಮ್ಮನೋ ತಂಗಿಯೋ ಪಕ್ಕದಲ್ಲಿದ್ದರೆ ಅದೂ ಬೇಡ, ಮೂಗಿಗೆ ತುರುಕಿಕೊಂಡುಬಿಡುತ್ತಾರೆ. ಕಡ್ಡಿಯಿಂದ ಚುಕ್ಕಿ ಒತ್ತಿಸಿ.

ಮಳೆಗಾಲ ಮುಗಿದ ಮೇಲೆ ದೀಪಾವಳಿಯ ಆಕಾಶಬುಟ್ಟಿಗೆ ಕಾಗದ ಹಿಡಿಯಿರಿ. ಬುಟ್ಟಿ ನೀವು ಕಟ್ಟಿ, ಬಾಲದ ಪಟ್ಟಿ ಅವಳಿಗೆ ಬಿಡಿ. ಎರಡು ಸೆಂಟಿಮೀಟರ್ ಅಗಲದ ಪಟ್ಟಿಯನ್ನು ಒಂದೊಂದೇ ಕಚಕ್‌ಗೆ ತುಂಡು ಮಾಡುವುದರಿಂದ ಶುರು, ಗೆರೆಯ ಮೇಲೆ ಕತ್ತರಿಸುವುದು ಆಮೇಲೆ. ಯುಗಾದಿಗೆ ತೋರಣ.

ಮಾಡಿದ ಎತ್ತಿಗೆ ಬಣ್ಣ ಬಳಿಯಬೇಡಿ. ಪೂಜೆ ಮುಗಿದು ಪೂರ್ತಿ ಒಣಗಿದ ಮೇಲೆ ಬಕೆಟ್ ನೀರಿಗೆ ಬಿಟ್ಟರೆ ಕಣ್ಣೆದುರೇ ಗುಳ್ಳೆ ಬಿಡುತ್ತ ಕುಸಿಯುತ್ತದೆ. ಅರ್ಧ ಹಸಿ ಇದ್ದದ್ದು ಮಾತ್ರ ಹಟ ಹಿಡಿದು ಗಂಟಾಗಿಯೇ ಕೂರುತ್ತದೆ. ನೀರು ಬಸಿದು ಬಟ್ಟೆಯ ಮೇಲೆ ಹರಡಿ, ನಾಗಪ್ಪನಿಗೆ ಅದೇ ಮಣ್ಣು ಆಗುತ್ತದೆ.